ಸಂತೆಯ ಮರುದಿನದ ಪೇಶಿ

ಜಹೀರಾಬಾದಿನ ಸಹಾಯಕ ಸೆಷನ್ಸ್ ಕೋರ್ಟಿನ ಒಂದು ಕಾಲು ನಾರಾಯಣಖೇಡದಲ್ಲಿತ್ತು. ಖೇಡದಲ್ಲಿ ಅಷ್ಟು ದೊಡ್ಡ ಕೋರ್ಟು ಇರಲಿಲ್ಲ. ಹಾಗಾಗಿ ಕೆಲವು ತಿಂಗಳಿಗೊಮ್ಮೆ ಜಡ್ಜ್ ಸಾಹೇಬರು, ಪೇಶಕಾರರು, ಒಬ್ಬ ಟೈಪಿಸ್ಟು, ಒಬ್ಬ ಜವಾನ, ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟುಗಳು, ಇಷ್ಟೂ ಒಂದು ಜೀಪಿನಲ್ಲಿ ಹೋಗಿ ಒಂದು ವಾರ ಅಲ್ಲಿ ಕೂತು ಆ ಕಡೆಯ ಮೊಕದ್ದಮೆಗಳನ್ನು ಕೇಳಿ ಬರುವುದು ರೂಢಿ. ಇದಕ್ಕೆ ಕ್ಯಾಂಪು ಎನ್ನುತ್ತಿದ್ದರು. ಕ್ಯಾಂಪಿನಲ್ಲಿ ಯಾವ ದಿನ ಯಾರ ಪೇಶಿ, ಅಂದರೆ ವಿಚಾರಣೆ, ಎಂಬ ಪಟ್ಟಿಗೆ ಸಹಿ ಹಾಕುವವರು ಜಡ್ಜರು. ಅದನ್ನು ಹೊಂದಿಸುವವಳು ಜಡ್ಜರ ಮುಂದೆ ಕೂತು ಕೋರ್ಟಿನ ಕಾಗದ ನೋಡಿಕೊಳ್ಳುವ ಪೇಶಕಾರ ಭಾಗೀರಥೀಬಾಯಿ.

ಬೀದರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ದ ಆಕೆಗೆ ಈ ಕೆಲಸದ ಬಗ್ಗೆ ತನ್ನದೇ ಒಂದು ತಿಳಿವಳಿಕೆ ಇತ್ತು. ಪ್ರಯೋಗಾಲಯದಲ್ಲಿ ಯಾವುದಾದರೂ ದ್ರವ ಸ್ವಲ್ಪ ಕಡಿಮೆ ಬಿದ್ದರೆ ಫಲವೂ ಸ್ವಲ್ಪ ಕಡಿಮೆ ಬರುತ್ತದೆ, ಅಷ್ಟೇ. ಕೋರ್ಟಿನಲ್ಲಿ ಹಾಗಲ್ಲ. ಆರೋಪಿ, ಸಾಕ್ಷಿ, ಎರಡೂ ಕಡೆಯ ವಕೀಲರು, ಜಡ್ಜರು ಒಂದೇ ಹೊತ್ತಿಗೆ ಒಂದೇ ಕೋಣೆಯಲ್ಲಿ ಕೂಡಬೇಕು. ಐವರಲ್ಲಿ ನಾಲ್ವರು ಬಂದರೆ ಐದರಲ್ಲಿ ನಾಲ್ಕು ಪಾಲು ನ್ಯಾಯ ಸಿಗುವುದಿಲ್ಲ, ಏನೂ ಸಿಗುವುದಿಲ್ಲ. ಬರದವನ ಹೆಸರಿನ ಮುಂದೆ ಗೈರುಹಾಜರಿ ಹಾಕಿ ಬಂದ ನಾಲ್ವರನ್ನೂ ಮನೆಗೆ ಕಳಿಸುವುದು. ಆದ್ದರಿಂದ ಆಕೆ ಕಬ್ಬು ಕಡಿಯುವ ದಿನಗಳಲ್ಲಿ ಕಬ್ಬಿನವರನ್ನು ಕರೆಯುತ್ತಿರಲಿಲ್ಲ. ಪಸ್ತಾಪುರದ ಸಂಘದ ಹೆಂಗಸರು ಸಾಮೆ, ನವಣೆ ಬಿತ್ತುವ ವಾರದಲ್ಲಿ ಅವರ ಹೆಸರು ಪಟ್ಟಿಗೆ ಬರದಂತೆ ನೋಡಿಕೊಳ್ಳುತ್ತಿದ್ದಳು. ಇದು ದಯೆ ಎಂದು ಆಕೆಗೆ ಅನ್ನಿಸಿರಲಿಲ್ಲ. ಪಟ್ಟಿ ಕೆಡಬಾರದು, ಅದೊಂದೇ.

ಎರಡು ಸಾವಿರದ ಹನ್ನೊಂದರ ಸೆಪ್ಟೆಂಬರಿನಲ್ಲಿ ಪಟ್ಟಿ ಕೆಡದೆ ಉಳಿಯುವ ದಾರಿ ಒಂದೂ ಕಾಣುತ್ತಿರಲಿಲ್ಲ. ಪ್ರತ್ಯೇಕ ತೆಲಂಗಾಣಕ್ಕಾಗಿ ಎಲ್ಲರ ಮುಷ್ಕರ ಶುರುವಾಗಿತ್ತು. ಬಸ್ಸು ನಿಂತವು, ಶಾಲೆ ಮುಚ್ಚಿದವು, ಕಚೇರಿಗಳು ಖಾಲಿಯಾದವು. ಕೋರ್ಟಿನ ಎದುರಿನ ಬೇವಿನ ಮರದ ಕೆಳಗೆ ವಕೀಲರು ಟೆಂಟು ಹಾಕಿಕೊಂಡು ಕೂತರು. ಸಮನ್ಸು ತೆಗೆದುಕೊಂಡು ಊರೂರಿಗೆ ಹೋಗಬೇಕಾದ ಅಮೀನನೂ ಅದೇ ಟೆಂಟಿನಲ್ಲಿ ಕೂತು ಚಹಾ ಹಂಚುತ್ತಿದ್ದ.

ಅಕ್ಟೋಬರ್ ಕ್ಯಾಂಪಿನ ಪಟ್ಟಿಯಲ್ಲಿ ಭಾಗೀರಥೀಬಾಯಿ ಮೊದಲನೆಯ ದಿನಕ್ಕೆ ಇಟ್ಟದ್ದು ಯಂಕಪ್ಪನ ಮೊಕದ್ದಮೆಯನ್ನು. ಯಂಕಪ್ಪ ಖೇಡದ ಆಚೆಗಿನ ಒಂದು ಹಳ್ಳಿಯ ಕುರಿಗಾರ. ಹೋದ ವರ್ಷದ ಮಳೆಗಾಲದಲ್ಲಿ ಅವನ ಕುರಿಗಳು ಅದೇ ಊರಿನ ಮೊಗಲಪ್ಪನ ಹೆಸರುಕಾಳಿನ ಹೊಲಕ್ಕೆ ನುಗ್ಗಿದವು. ಮಾತಿಗೆ ಮಾತು ಬೆಳೆದು ಮೊಗಲಪ್ಪನ ತಲೆ ಒಡೆಯಿತು. ಪೊಲೀಸರು ಕೊಲೆಯತ್ನವೆಂದು ಬರೆದರು. ಕುರಿಯ ಹಿಂದೆ ಊರೂರು ತಿರುಗುವವನು, ಬಿಟ್ಟರೆ ಮತ್ತೆ ಎಲ್ಲಿ ಹುಡುಕುವುದು ಎಂದು ಅವನಿಗೆ ಜಾಮೀನು ಸಿಗಲಿಲ್ಲ. ಅಂದಿನಿಂದ ಸಂಗಾರೆಡ್ಡಿಯ ಜೈಲಿನಲ್ಲಿದ್ದ. ಈ ನಡುವೆ ಎರಡು ಕ್ಯಾಂಪು ಬಂದು ಹೋಗಿದ್ದವು. ಒಂದರಲ್ಲಿ ವಕೀಲರ ಬಹಿಷ್ಕಾರ. ಇನ್ನೊಂದರಲ್ಲಿ ಪೊಲೀಸರೆಲ್ಲ ಹೈದರಾಬಾದಿನ ಬಂದೋಬಸ್ತಿಗೆ ಹೋಗಿ, ಕೈದಿಯನ್ನು ಕರೆತರುವವರೇ ಇರಲಿಲ್ಲ.

ಈಗ ಜಡ್ಜರಿಗೆ ವರ್ಗವಾಗಿತ್ತು. ಈ ಕ್ಯಾಂಪು ಮುಗಿಸಿ ಅವರು ಹೋಗುವವರು. ಬದಲಿಗೆ ಬರುವವರ ಹೆಸರೂ ಗೊತ್ತಿರಲಿಲ್ಲ. ಈ ಸಲ ತಪ್ಪಿದರೆ ಯಂಕಪ್ಪನ ಪೇಶಿ ಮತ್ತೆ ಯಾವಾಗ ಎಂದು ಹೇಳುವುದು ಭಾಗೀರಥೀಬಾಯಿಯ ಕೈಯಲ್ಲೂ ಇರಲಿಲ್ಲ.

ಮುಷ್ಕರ ಶುರುವಾದ ಮೇಲೆ ಒಂದು ದಿನ ಯಂಕಪ್ಪನ ಹೆಂಡತಿ ಮಾಣಿಕಮ್ಮ ಯಾವುದೋ ಲಾರಿ ಹತ್ತಿ ಜಹೀರಾಬಾದಿಗೆ ಬಂದಳು. ಹೆಗಲ ಮೇಲೆ ಕಂಬಳಿ, ಕಾಲಲ್ಲಿ ಗಂಡನ ಚಪ್ಪಲಿ.

"ಬಾಯಾರ, ಈ ಸಲನೂ ವಕೀಲ್ರು ಟೆಂಟಿನ್ಯಾಗೇ ಕೂಡ್ತಾರೇನ್ರಿ?"

"ಜೈಲಿನ್ಯಾಗ ಇದ್ದೋರ ಕೇಸ್ ನಡಸ್ತೀವಂತ ಒಪ್ಯಾರವಾ. ನಿಮ್ಮ ವಕೀಲ ಸಮೀರ್ ಬರ್ತಾರ. ಪೊಲೀಸ್ರಿಗೂ ಪತ್ರ ಹೋಗ್ಯಾದ. ಮೊಗಲಪ್ಪ ಎಲ್ಲಿ ಅದಾನ?"

"ತಾಂಡೂರಿನ್ಯಾಗ ಅದಾನ್ರಿ, ಕಲ್ಲು ಪಾಲಿಶ್ ಮಾಡೋ ಕಾರ್ಖಾನಿದಾಗ. ಕರೆಂಟಿಲ್ಲ ಅಂತ ಕೆಲಸ ನಿಂತಾದಂತ, ಊರಿಗಿ ಬರ್ತೀನಿ ಅಂದಾನ. ನಾ ಕರ್ಕೊಂಡು ಬರ್ತೀನಿ. ಹೋದ ತಿಂಗಳ ಬಂದಾಗ ನಮ್ಮ ಮನ್ಯಾಗೇ ಉಂಡು ಹೋದ."

"ತಲಿ ಒಡಸ್ಕೊಂಡಾವ ನಿಮ್ಮ ಮನ್ಯಾಗ ಉಂಡನಾ?"

"ಮತ್ತ ಎಲ್ಲಿ ಉಣ್ತಾನ್ರಿ? ಹಿಂದಿನ ಮನಿಯಾಂವ. ಎಷ್ಟು ದಿನಾಂತ ಮಾರಿ ತಿರುವಿ ಕೂಡ್ತಾನ? ಬಿದ್ದು ತಲಿ ಒಡದದ ಅಂತ ಹೇಳು ಅಂತ ಊರಾಗಿನ ಹಿರ್‍ಯಾರು ಅವಗ ಹೇಳ್ಯಾರ."

"ಅದನ್ನ ನನ್ನ ಮುಂದ ಹೇಳಬ್ಯಾಡ" ಎಂದಳು ಭಾಗೀರಥೀಬಾಯಿ. "ನಾ ಕೋರ್ಟಿನಾಕಿ."

"ಆತು, ನೀವು ಕೇಳಿಲ್ಲ, ನಾ ಹೇಳಿಲ್ಲ." ಮಾಣಿಕಮ್ಮ ನೆಲದ ಮೇಲೆ ಕೂತಳು. "ಹೋದ ಸಲ ಸುಗ್ಗಿ ಆದಮ್ಯಾಲ ಮೈದುನ ಹಿಂಡು ಹೊಡಕೊಂಡು ತಾಂಡೂರು, ಕೊಡಂಗಲ್ ಕಡಿ ಹೋದ. ಗೊಬ್ಬರಕ್ಕಂತ ಮಂದಿ ಹೊಲದಾಗ ಕುರಿ ಕೂಡಸೂದು ಅವಗ ಬರಂಗಿಲ್ಲ, ಅರ್ಧ ಹಿಂಡು ಬ್ಯಾನಿ ಬಿದ್ದು ಹೋದವು. ಈ ಸಲ ಇವ ಹೊರಗ ಬರಲಿಲ್ಲಂದ್ರ ಉಳದದ್ದೂ ಮಾರ್ತೀನಿ. ಯಾವಾಗ ಬರಬೇಕು ಹೇಳ್ರಿ."

"ಅಕ್ಟೋಬರ್ ಹನ್ನೆರಡು."

"ತಾರೀಖ ತಗೊಂಡು ನಾ ಏನ್ ಮಾಡ್ಲಿ? ಖೇಡದ ಸಂತಿ ಲೆಕ್ಕ ಹೇಳ್ರಿ."

ಭಾಗೀರಥೀಬಾಯಿ ಗೋಡೆಯ ಕ್ಯಾಲೆಂಡರಿನತ್ತ ನೋಡಿ ವಾರಗಳನ್ನು ಎಣಿಸಿದಳು. "ಇನ್ನ ಮೂರು ಸಂತಿ. ಮೂರನೇ ಸಂತಿ ಮರುದಿನ, ಖೇಡದ ಕೋರ್ಟಿಗಿ."

"ಮೂರನೇ ಸಂತಿ ಮರುದಿನ." ಮಾಣಿಕಮ್ಮ ಒಮ್ಮೆ ಹೇಳಿಕೊಂಡು ಎದ್ದು ಹೋದಳು.

ಸಮನ್ಸು ಬರೆದು ಅಮೀನನ ಮೇಜಿನ ಮೇಲೆ ಇಟ್ಟದ್ದಾಗಿತ್ತು. ಅದು ಅಲ್ಲಿಂದ ಏಳುವುದಿಲ್ಲವೆಂದು ಭಾಗೀರಥೀಬಾಯಿಗೆ ಗೊತ್ತಿತ್ತು. ಕಾಗದಕ್ಕಿಂತ ಮಾಣಿಕಮ್ಮನ ಕಿವಿಗೆ ಹಾಕಿದ್ದೇ ಗಟ್ಟಿ ಎಂದು ಆಕೆ ಮುಂದಿನ ಕೆಲಸ ಹಿಡಿದಳು.

ಮುಂದಿನ ವಾರ ರಸ್ತೆತಡೆ ನಡೆಯಿತು. ಖೇಡದಲ್ಲಿ ಸಂತೆಯೂ ಬಂದ್ ಎಂದು ಪತ್ರಿಕೆಯ ಒಳಪುಟದಲ್ಲಿ ಬಂದಿತ್ತು. ಭಾಗೀರಥೀಬಾಯಿ ಅದನ್ನು ಉಳಿದ ಹತ್ತು ಬಂದ್‌ಗಳ ಸುದ್ದಿಯ ಹಾಗೆಯೇ ಓದಿ ಮಡಚಿಟ್ಟಳು. ಆಕೆಗೆ ಚಿಂತೆಯಿದ್ದದ್ದು ಪೊಲೀಸರದು, ವಕೀಲರದು, ಜೀಪಿನ ಡೀಸೆಲ್ಲಿನದು.

ಕ್ಯಾಂಪಿಗೆ ಹೊರಟ ದಿನ ದಾರಿಯಲ್ಲಿ ಎರಡು ಕಡೆ ಕಲ್ಲು, ಜಾಲಿಮುಳ್ಳು ಅಡ್ಡ ಹಾಕಿದ್ದರು. ಮೂರನೆಯ ಕಡೆ ರಸ್ತೆಯ ನಡುವೆ ಒಲೆ ಹೂಡಿ ಅಡಿಗೆ ಮಾಡುತ್ತಿದ್ದರು. ಅದೂ ಚಳವಳಿಯೇ. ಜೀಪು ನಿಲ್ಲಿಸಿದ ಹುಡುಗರು ಒಳಗೆ ಇಣುಕಿ, ಯಾರಿವರು ಎಂದು ಕೇಳಿ, ಉಣ್ಣದೆ ಮುಂದೆ ಹೋಗುವ ಹಾಗಿಲ್ಲ ಎಂದರು. ಜಡ್ಜರು ಕೆಳಗಿಳಿದು ಮುತ್ತುಗದೆಲೆಯಲ್ಲಿ ಉಪ್ಪಿಟ್ಟು ತಿಂದರು. ಅವರು ಗುಂಟೂರಿನವರು, ಚಳವಳಿ ಬೇರೆಯಾಗಬೇಕೆನ್ನುತ್ತಿದ್ದ ಆಂಧ್ರದ ಕಡೆಯವರು. ಅದನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಖೇಡದ ಕೋರ್ಟಿನಲ್ಲಿ ಭಾಗೀರಥೀಬಾಯಿ ತಾನು ನಂಬಿರದಿದ್ದ ನೋಟವನ್ನು ಕಂಡಳು. ಇಬ್ಬರು ಪೇದೆಗಳು ಯಂಕಪ್ಪನನ್ನು ಹೊತ್ತಿಗೆ ಮುಂಚೆಯೇ ಕರೆತಂದು ವರಾಂಡದಲ್ಲಿ ಕೂರಿಸಿದ್ದರು. ಸಮೀರ್ ಜಹೀರಾಬಾದಿನಿಂದ ಮೋಟರ್ ಸೈಕಲ್ ಮೇಲೆ ಬಂದಿದ್ದ. ಕರಿ ಕೋಟನ್ನು ದಾರಿಯಲ್ಲಿ ಯಾರೂ ನೋಡಬಾರದೆಂದು ಚೀಲದಲ್ಲಿಟ್ಟು ತಂದು ಇಲ್ಲಿ ತೊಟ್ಟುಕೊಂಡ. ಸರ್ಕಾರಿ ವಕೀಲರೂ ಇದ್ದರು. ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ಕೂಡದ ನಾಲ್ವರು ಕೂಡಿದ್ದರು.

ಜವಾನ ಬಾಗಿಲಲ್ಲಿ ನಿಂತು ಮೊಗಲಪ್ಪನ ಹೆಸರನ್ನು ಮೂರು ಸಲ ಕೂಗಿದ. ಯಾರೂ ಬರಲಿಲ್ಲ. ಭಾಗೀರಥೀಬಾಯಿ ತಾನೇ ಹೊರಗೆ ಹೋಗಿ ನೋಡಿದಳು. ಬೇಲಿಯ ಹತ್ತಿರ ಬೇರೆ ಮೊಕದ್ದಮೆಯವರು ಕೂತಿದ್ದರು. ಮಾಣಿಕಮ್ಮ ಇರಲಿಲ್ಲ.

ಜಡ್ಜರು ಪೆನ್ನು ತೆಗೆದರು. ಅದು ಗೈರುಹಾಜರಿ ಬರೆಯುವ ಪೆನ್ನು. ಆಗ ಕಟಕಟೆಯಲ್ಲಿ ನಿಂತಿದ್ದ ಯಂಕಪ್ಪ ಮಾತಾಡಿದ.

"ಬಾಯಾರ, ನನ್ನ ಹೇಣ್ತಿಗಿ ಎಷ್ಟು ಸಂತಿ ಹೇಳಿದ್ರಿ?"

"ಮೂರು."

"ಎರಡೇ ಆಗ್ಯಾವಲ್ರಿ. ಒಂದು ಬಂದ್ ಇತ್ತಂತ ಜೈಲಿಗಿ ಹೊಸದಾಗಿ ಬಂದಾವ ಹೇಳ್ದ. ನಮ್ಮಾಕಿ ಸಂತಿಗಿ ಹೋಗಿ ಮನಿಗಿ ಬಂದಮ್ಯಾಲ ಕಂಬಳಿ ಅಂಚಿನ ದಶಿಗಿ ಒಂದು ಗಂಟು ಹಾಕ್ತಾಳ. ಹೋಗಲಿಲ್ಲಂದ್ರ ಗಂಟು ಹೆಂಗ ಹಾಕ್ತಾಳ್ರಿ? ಈಗ ಆಕಿ ಕಂಬಳಿಗಿ ಎರಡು ಗಂಟದಾವ. ಬರೂ ಸಂತಿ ಆದಮ್ಯಾಲ ಬರ್ತಾಳ, ನೋಡ್ರಿ."

ಭಾಗೀರಥೀಬಾಯಿಗೆ ಒಮ್ಮೆಲೇ ಎಲ್ಲವೂ ಸ್ಪಷ್ಟವಾಯಿತು. ಆಕೆ ಎಣಿಸಿದ್ದು ಗೋಡೆಯ ಕ್ಯಾಲೆಂಡರಿನ ವಾರಗಳನ್ನು. ಸಂತೆ ನಡೆಯಲಿ, ಬಿಡಲಿ, ಕ್ಯಾಲೆಂಡರಿನಲ್ಲಿ ವಾರ ಮುಂದಕ್ಕೆ ಸರಿಯುತ್ತಿತ್ತು. ಕುರಿಗಾರರ ಲೆಕ್ಕದಲ್ಲಿ ಟಗರು ಹೊಡೆದುಕೊಂಡು ಹೋಗಿ, ಮಾರಿ, ಉಪ್ಪು ತಂದರಷ್ಟೇ ಒಂದು ಮುಂದಕ್ಕೆ. ಎರಡು ಅಳತೆಗಳಲ್ಲಿ ಯಾವುದೂ ತಪ್ಪಲ್ಲ. ಒಂದರ ಮಾತನ್ನು ಇನ್ನೊಂದರ ಕೈಗೆ ಪರೀಕ್ಷಿಸದೆ ಕೊಟ್ಟದ್ದು ತಪ್ಪು. ಕೊಟ್ಟವಳು ತಾನು.

"ಏನಂತಾನೆ?" ಜಡ್ಜರು ತೆಲುಗಿನಲ್ಲಿ ಕೇಳಿದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡದ ಸಾಕ್ಷಿಗಳ ಮಾತನ್ನು ತೆಲುಗಿಗೆ ಮಾಡಿ ಹೇಳುವುದೂ ಭಾಗೀರಥೀಬಾಯಿಯ ಕೆಲಸವೇ ಆಗಿತ್ತು.

ಸಾಕ್ಷಿಗೆ ಸುದ್ದಿ ಸರಿಯಾಗಿ ಮುಟ್ಟಿಲ್ಲ ಅನ್ನುತ್ತಾನೆ ಎಂದರೆ ಅದು ಸುಳ್ಳಾಗುತ್ತಿರಲಿಲ್ಲ. ದಶಾಂಶದ ಮುಂದಿನ ಅಂಕಿಗಳನ್ನು ಬಿಟ್ಟು ಪೂರ್ಣಸಂಖ್ಯೆ ಹೇಳಿದ ಹಾಗೆ. ಅಷ್ಟು ಹೇಳಿದರೆ ಜಡ್ಜರು ಗೈರುಹಾಜರಿ ಬರೆದು ಮುಂದಿನ ಮೊಕದ್ದಮೆ ಕೂಗಿಸುತ್ತಿದ್ದರು. ಇಷ್ಟು ವರ್ಷ ಆಕೆ ಈ ಜಾಗದಲ್ಲಿ ನಿಂತು ಸಾಕ್ಷಿಗಳ ಬೈಗುಳವನ್ನೂ ಬಿಡದೆ ತೆಲುಗಿಗೆ ಮಾಡಿದ್ದಳು. ಈಗ ಗಂಟಲು ಸರಿಮಾಡಿಕೊಂಡು, ತಾನು ಮಾಣಿಕಮ್ಮನಿಗೆ ಹೇಳಿದ್ದು, ಕ್ಯಾಲೆಂಡರು, ಬಂದ್ ಆದ ಸಂತೆ, ಕಂಬಳಿಯ ಗಂಟು, ಎಲ್ಲವನ್ನೂ ಯಂಕಪ್ಪ ಹೇಳಿದ ಕ್ರಮದಲ್ಲೇ ಹೇಳಿದಳು. ಕೊನೆಗೆ, "ತಪ್ಪು ಪೇಶಕಾರರದು" ಎಂದು ಸೇರಿಸಿದಳು. ಅದು ಯಂಕಪ್ಪ ಹೇಳಿದ್ದಲ್ಲ.

ಸರ್ಕಾರಿ ವಕೀಲರು ನಕ್ಕರು. ಜಡ್ಜರು ನಗಲಿಲ್ಲ.

"ಸಮನ್ಸು ಹೋಗಲಿಲ್ಲವೇ?"

"ಅಮೀನ ಮುಷ್ಕರದಲ್ಲಿದ್ದಾನೆ, ಸರ್."

"ಆ ಹೆಂಗಸು ಈಗ ಎಲ್ಲಿ?"

"ಕುರಿಯ ಜೊತೆ ಮಂಜೀರಾ ದಂಡೆಯಲ್ಲಿ ಎಲ್ಲೋ. ಇಂದು ಇದ್ದ ಕಡೆ ನಾಳೆ ಇರುವುದಿಲ್ಲ. ಸಾಕ್ಷಿ ತಾಂಡೂರಿನಲ್ಲಿದ್ದಾನೋ ಊರಲ್ಲಿದ್ದಾನೋ ಅವಳಿಗೇ ಗೊತ್ತು."

"ಮುಂದಿನ ಸಂತೆ ಯಾವಾಗ?"

"ನಮ್ಮ ಕ್ಯಾಂಪಿನ ಕೊನೆಯ ದಿನಕ್ಕೆ ಒಂದು ದಿನ ಮೊದಲು. ನಡೆದರೆ."

ಜಡ್ಜರು ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು ಯಂಕಪ್ಪನ ಮೊಕದ್ದಮೆಯನ್ನು ಕೊನೆಯ ದಿನಕ್ಕೆ ಸರಿಸಿದರು. ಪೇದೆಗಳು, ನಾಳೆಯಿಂದ ನಮಗೆ ಬಂದೋಬಸ್ತು, ಮತ್ತೆ ಕರೆತರಲು ಆಗುವುದಿಲ್ಲ ಎಂದರು. ಹಾಗಾದರೆ ಕೈದಿ ಅಲ್ಲಿಯವರೆಗೆ ಖೇಡದ ಸಬ್‌ಜೈಲಿನಲ್ಲೇ ಇರಲಿ ಎಂದು ಜಡ್ಜರು ಆದೇಶ ಹೇಳಿ ಬರೆಸಿದರು. ಪೇಶಕಾರರು ಸಾಕ್ಷಿಗೆ ಬಾಯಿಮಾತಿನಲ್ಲಿ ಸಂತೆಯ ಲೆಕ್ಕದಲ್ಲಿ ದಿನ ತಿಳಿಸಿದ್ದರಿಂದ ವಿಚಾರಣೆ ತಪ್ಪಿದೆ, ಅವರು ಲಿಖಿತ ವಿವರಣೆ ಕೊಡತಕ್ಕದ್ದು ಎಂಬ ಸಾಲನ್ನೂ ಬರೆಸಿದರು. ಬರೆದುಕೊಂಡವಳು ಭಾಗೀರಥೀಬಾಯಿ.

ಹೊರಗೆ ಸಮೀರ್ ಕೋಟು ಬಿಚ್ಚುತ್ತ ಹೇಳಿದ, "ಬಾಯಾರ, ನೀವು ಅಷ್ಟು ಹೇಳೋ ಜರೂರತ್ ಇರಲಿಲ್ಲ. ನೌಕರಿಗಿ ಬರೋ ಮಾತು."

"ಅದು ಆಮ್ಯಾಲ ನೋಡೋಣು. ಬರೂ ಸಂತಿ ನಡೀತದೇನು ಹೇಳ್ರಿ. ಇಲ್ಲಿ ಟೆಂಟಿನವ್ರೂ ನಿಮ್ಮ ಮಂದಿ."

ಸಮೀರನ ಮುಖ ಇಳಿಯಿತು. "ಅವತ್ತೂ ಬಂದ್ ಅಂತ ನಿನ್ನಿ ಮೈಕಿನ್ಯಾಗ ಕೂಗ್ಯಾರ."

ಹೀಗೆ ಯಂಕಪ್ಪನ ವಿಚಾರಣೆ ಉಪ್ಪು, ಉಳ್ಳಾಗಡ್ಡಿ ಮಾರುವ ಒಂದು ಸಂತೆಗೆ ಬಂದು ನಿಂತಿತು. ಅದು ನಡೆಯದಿದ್ದರೆ ಮಾಣಿಕಮ್ಮ ಮೂರನೆಯ ಗಂಟು ಹಾಕುವುದಿಲ್ಲ, ಮರುದಿನ ಬರುವುದಿಲ್ಲ. ಆಮೇಲೆ ಜಡ್ಜರು ಇರುವುದಿಲ್ಲ.

ಆ ಸಂಜೆ ಭಾಗೀರಥೀಬಾಯಿ ಸಮೀರನನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಎದುರಿನ ಟೆಂಟಿಗೆ ಹೋದಳು. ಖೇಡದ ಹೋರಾಟ ಸಮಿತಿಯ ಮುಖ್ಯಸ್ಥ ಸಾಯಪ್ಪ ಶಾಲೆಯ ಮಾಸ್ತರ. ಮುಷ್ಕರದಲ್ಲಿ ಶಾಲೆಯಿಲ್ಲದೆ, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು, ಬಿಸಿನೀರು ಕುಡಿಯುತ್ತ ಕೂತಿದ್ದ.

"ಮಾಸ್ತರ್ರ, ಬರೂ ಸಂತಿ ನಡಿಬೇಕು" ಎಂದಳು ಭಾಗೀರಥೀಬಾಯಿ.

"ನಮಸ್ಕಾರ ಇಲ್ಲ, ಏನಿಲ್ಲ, ಸೀದಾ ಸಂತೀನಾ?" ಸಾಯಪ್ಪ ಲೋಟ ಕೆಳಗಿಟ್ಟ. "ಕೂಡ್ರಿ ಬಾಯಾರ. ನಾವು ಕೋರ್ಟ್ ಬಂದ್ ಮಾಡ್ರಿ ಅಂತೀವಿ, ನೀವು ಕೋರ್ಟಿನ ಸಲುವಾಗಿ ಸಂತಿ ತಗೀರಿ ಅಂತೀರಿ. ಚಲೋ ಆತು!"

"ಕೋರ್ಟಿನ ಸಲುವಾಗಿ ಅಲ್ರಿ. ನಿಮ್ಮ ತಾಲೂಕಿನ ಕುರಿಗಾರ ಒಬ್ಬ ಒಳಗ ಅದಾನ." ಆಕೆ ನಡೆದದ್ದನ್ನು ಹೇಳಿದಳು.

ಹಿಂದೆ ಕೂತ ಯಾರೋ ಅಂದರು, "ಆಂಧ್ರದ ಜಡ್ಜ್. ಅವರು ಹೋದ್ರ ಹೋಗ್ಲಿ ಬಿಡ್ರಿ. ನಮ್ಮವ್ರು ಬಂದಮ್ಯಾಲ ಕೇಸ್ ನಡೀತದ."

"ನಿಮ್ಮವ್ರು ಬರೂತನ ಯಂಕಪ್ಪ ಒಳಗಿರಬೇಕೇನು? ನೀವು ಹೋಗಿ ಇರ್ತೀರೇನು ಅವನ ಬದ್ಲಿ?"

ಟೆಂಟಿನಲ್ಲಿ ನಗು ಎದ್ದಿತು. ಅಂದವನು ಬಿಡಲಿಲ್ಲ. "ಬಾಯಾರ, ನೀವು ಕನ್ನಡದವ್ರು. ನಿಮಗ ಯಾವ ರಾಜ್ಯ ಬೇಕು, ಅದನ್ನರ ಹೇಳ್ರಿ."

"ನಮ್ಮ ಅಜ್ಜನ ಕಾಲದಿಂದ ನಾವು ಇದ್ದಲ್ಲೇ ಇದ್ದೀವಪಾ. ನಿಜಾಮಂದು ಬಂತು, ಹೈದ್ರಾಬಾದಂದು ಬಂತು, ಆಂಧ್ರ ಬಂತು. ನಿಮ್ದೂ ಬರ್ಲಿ. ನಾ ಬ್ಯಾಡಂದಿಲ್ಲ."

ಸಾಯಪ್ಪ ಲೋಟ ಎತ್ತಿ ಉಳಿದ ಬಿಸಿನೀರು ಕುಡಿದ. "ಹೋದ ತಿಂಗಳ ಸಂತಿ ಬಂದ್ ಮಾಡಿದ್ದು ನಾನೇ" ಎಂದ ಆಮೇಲೆ. "ಅದರಾಗ ಇವನ ಪೇಶಿ ಸಿಕ್ಕೊಂಡದ ಅಂತ ನಮಗೇನ್ ಕನಸು ಬಿದ್ದಿತ್ತೇನ್ರಿ? ಅಂಗಡಿ ತಗಿಯಂಗಿಲ್ಲ. ಅದು ಖರೆ. ಕುರಿ, ಕಾಯಿಪಲ್ಯ ಕೆರಿ ದಂಡಿಗಿ ಹುಣಸಿ ಗಿಡದ ಬುಡಕ ಕೂಡ್ಲಿ. ಮಧ್ಯಾಹ್ನತನ."

"ಮಂದಿಗಿ ಹೆಂಗ ಗೊತ್ತಾಗ್ತದ? ಬಂದ್ ಅಂತ ಕೂಗಿರಲ್ಲ?"

"ಕೂಗಿದ ಆಟೋದಾಗೇ ಮತ್ತ ಕೂಗಸ್ತೀನಿ. ಏನ್ ಮಾಡೂದು. ಮಂದಿ ನಗ್ತಾರ, ನಗ್ಲಿ."

ಹೇಳಿದ ಹಾಗೆಯೇ ಮಾಡಿದ. ಮರುದಿನದಿಂದ ಮುಷ್ಕರದ ಬಾವುಟ ಕಟ್ಟಿದ ಆಟೋ ಹಳ್ಳಿಹಳ್ಳಿಗೆ ಹೋಗಿ, ಮೊದಲು ಬಂದ್ ಯಶಸ್ವಿಗೊಳಿಸಿ ಎಂದೂ, ಅದರ ಬೆನ್ನಿಗೇ ಕೆರೆಯ ದಂಡೆಯಲ್ಲಿ ಕುರಿ ಸಂತೆ ಇದೆ ಬನ್ನಿ ಎಂದೂ ಒಂದೇ ಉಸಿರಿಗೆ ಕೂಗಿತು.

ಸಂತೆಯ ದಿನ ಭಾಗೀರಥೀಬಾಯಿ ಕೋರ್ಟಿಗೆ ಮುಂಚೆ ಕೆರೆಯ ಕಡೆ ನಡೆದು ಹೋದಳು. ಹುಣಸೆ ಮರಗಳ ಕೆಳಗೆ ಒಂದಿಷ್ಟು ಕುರಿ, ಸೊಪ್ಪಿನ ರಾಶಿ, ಬೀದಿಯಷ್ಟು ಉದ್ದವೂ ಇಲ್ಲದ ಸಂತೆ. ಆಕೆ ಈ ತುದಿಯಿಂದ ಆ ತುದಿಗೆ ಎರಡು ಸಲ ತಿರುಗಿದಳು. ಹೆಗಲ ಮೇಲೆ ಕಂಬಳಿಯಿದ್ದ ಹೆಂಗಸರು ಹಲವರಿದ್ದರು. ಮಾಣಿಕಮ್ಮ ಕಾಣಲಿಲ್ಲ. ಇನ್ನೂ ಬಂದಿಲ್ಲವೋ, ಬರುವುದೇ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ಹೊತ್ತಾಯಿತೆಂದು ಕೋರ್ಟಿಗೆ ಮರಳಿ ಆ ದಿನದ ಮೊಕದ್ದಮೆಯ ಕಾಗದ ಬಿಚ್ಚಿದಳು.

ಕೊನೆಯ ದಿನ ಬೆಳಿಗ್ಗೆ ಜವಾನ ಬೀಗ ತೆಗೆಯುವ ಹೊತ್ತಿಗೆ ವರಾಂಡದಲ್ಲಿ ಮಾಣಿಕಮ್ಮ ಕೂತಿದ್ದಳು. ಪಕ್ಕದಲ್ಲಿ ಹಣೆಯ ಮೇಲೆ ಹಳೆಯ ಗಾಯದ ಗುರುತಿದ್ದ ಮೊಗಲಪ್ಪ.

"ಮೂರನೇ ಸಂತಿ ನಿನ್ನಿ ಆತ್ರಿ, ಬಂದೀವಿ" ಎಂದಳು ಮಾಣಿಕಮ್ಮ, ಒಂದು ಘಳಿಗೆಯೂ ತಡಮಾಡದೆ ಹೇಳಿದ ಹೊತ್ತಿಗೆ ಬಂದವರ ಗತ್ತಿನಲ್ಲಿ. "ಇವನ್ನ ಸಂಗಾರೆಡ್ಡಿಯಿಂದ ಕರ್ಕೊಂಡು ಬಂದಾರೇನ್ರಿ?"

"ಇಲ್ಲೇ ಅದಾನವಾ. ವಾರ ಆತು, ಸಬ್‌ಜೈಲಿನ್ಯಾಗ." ಭಾಗೀರಥೀಬಾಯಿ ಕಾರಣ ಹೇಳಿದಳು.

ಮಾಣಿಕಮ್ಮ ಕೇಳಿ ಮುಗಿಸಿ ಸಬ್‌ಜೈಲಿನ ಕಡೆ ತಿರುಗಿ ನೋಡಿದಳು. "ನಿನ್ನಿ ಅದೇ ಜೈಲಿನ ಮುಂದ್ಲಿಂದ ಟಗರು ಹೊಡಕೊಂಡು ಹೋದೆನಲ್ರಿ" ಎಂದಳು. "ಒಳಗ ಕೇಳ್ಸಿರಬೇಕು ಅವಗ. ನಮ್ಮ ಟಗರಿನ ಗಂಟಿ ಸಪ್ಪಳ ಅವಗ ಗೊತ್ತಾಗ್ತದ."

ಭಾಗೀರಥೀಬಾಯಿ ಬಾಗಿಲು ದಾಟಿದಳು. ಒಳಗೆ ಮೇಜು ಒರೆಸುವುದಿತ್ತು.

ಸಬ್‌ಜೈಲಿನವರು ಯಂಕಪ್ಪನನ್ನು ಕರೆತಂದರು. ಮೊಗಲಪ್ಪ ಸಾಕ್ಷಿಕಟ್ಟೆ ಹತ್ತಿ ನಿಂತ. ದೇವರ ಮೇಲೆ ಪ್ರಮಾಣ ಮಾಡಿಸಿದರು. ತಲೆ ಹೇಗೆ ಒಡೆಯಿತು ಎಂದು ಸರ್ಕಾರಿ ವಕೀಲರು ಕೇಳಿದರು. ಬಿದ್ದೆ ಎನ್ನುತ್ತಾನೆಂದು ಸಮೀರ್ ಕಾದು ಕೂತಿದ್ದ.

"ಬಿದ್ದೆ ಅಂತ ಹೇಳು ಅಂದಿದ್ರು ಊರಾಗ. ಈಗ ದೇವರ ಹೆಸರು ಹೇಳಿಸಿಬಿಟ್ರಿ" ಎಂದ ಮೊಗಲಪ್ಪ. "ಹೊಡದಾನ್ರಿ. ಬಡಿಗಿಲೆ. ಒಂದೇ ಏಟು."

ಬಾಗಿಲ ಹತ್ತಿರ ಮಾಣಿಕಮ್ಮ ಕಂಬಳಿಯನ್ನು ಬಾಯಿಗೆ ಒತ್ತಿಕೊಂಡಳು. ಭಾಗೀರಥೀಬಾಯಿ ಒಂದೊಂದು ಮಾತನ್ನೂ ತೆಲುಗಿಗೆ ಮಾಡಿದಳು. ಬಿದ್ದೆ ಅಂತ ಹೇಳು ಅಂದಿದ್ದರು ಎಂಬುದನ್ನೂ ಬಿಡಲಿಲ್ಲ.

"ಕೊಲ್ಲಬೇಕೆಂದು ಹೊಡೆದನೇ?"

"ಅವನ ಮನಸಿನ್ಯಾಗ ಏನಿತ್ತೋ ನನಗೆಂಗ ಗೊತ್ತಾಗಬೇಕು? ಮೊದಲು ನಾ ಅವನ ಟಗರಿನ ಕಾಲು ಮುರದೆ. ಅದಕ್ಕ ಹೊಡದ. ಅದನ್ನೂ ಹೇಳಿದ್ದೆ, ಪೊಲೀಸ್ರು ಬರಕೊಳ್ಳಲಿಲ್ಲ."

ಈಗ ಎದ್ದವನು ಸಮೀರ್. "ಇನ್ನೊಂದು ಏಟು ಹಾಕಿದನಾ?"

"ಇಲ್ರಿ. ರಕ್ತ ನೋಡಿ ಬಡಿಗಿ ಒಗದ. ತನ್ನ ರುಮಾಲು ಬಿಚ್ಚಿ ನನ್ನ ತಲಿಗಿ ಕಟ್ದ. ಕಟ್ಟಕೋತ ಬೈದ."

"ಏನಂತ?"

ಮೊಗಲಪ್ಪ ಬೈಗುಳ ಹೇಳಿದ. ಭಾಗೀರಥೀಬಾಯಿ ಅದನ್ನೂ ತೆಲುಗಿಗೆ ಮಾಡಿದಳು. ಗುಂಟೂರಿನ ಜಡ್ಜರು ಮೊದಲ ಸಲ ತಲೆ ಬಗ್ಗಿಸಿ ನಕ್ಕರು.

ಗಾಯದ ಬಗ್ಗೆ ವೈದ್ಯರ ಕಾಗದವನ್ನು ಸಮೀರ್ ತಕರಾರಿಲ್ಲದೆ ಒಪ್ಪಿದ. ಊರಲ್ಲೇ ಇದ್ದ ಸಬ್ ಇನ್‌ಸ್ಪೆಕ್ಟರ್ ಬಂದು ಹೇಳಬೇಕಾದದ್ದು ಹೇಳಿ ಹೋದರು. ಊಟದ ನಂತರ ಜಡ್ಜರು ತೀರ್ಪು ಹೇಳಿ ಬರೆಸಿದರು. ಕೊಲೆಯತ್ನ ರುಜುವಾತಾಗಿಲ್ಲ. ಬಡಿಗೆಯಿಂದ ಗಾಯ ಮಾಡಿದ್ದು ರುಜುವಾತಾಗಿದೆ. ಆ ಅಪರಾಧಕ್ಕೆ ಆರೋಪಿ ಇಲ್ಲಿಯವರೆಗೆ ಜೈಲಿನಲ್ಲಿ ಕಳೆದ ಅವಧಿಯಷ್ಟೇ ಶಿಕ್ಷೆ. ಬೇರೆ ಕಾರಣಕ್ಕೆ ಬೇಕಾಗಿಲ್ಲದಿದ್ದರೆ ಕೂಡಲೇ ಬಿಡತಕ್ಕದ್ದು.

ಬಿಡುಗಡೆಯ ಹುಕುಮಿನಲ್ಲಿ ಆ ಅವಧಿಯನ್ನು ಪೇಶಕಾರರು ಲೆಕ್ಕ ಹಾಕಿ ತುಂಬಬೇಕು. ಭಾಗೀರಥೀಬಾಯಿ ಹಿಡಿದ ದಿನದಿಂದ ಇಂದಿನವರೆಗೆ ಎಣಿಸಿದಳು. ಹದಿನಾಲ್ಕು ತಿಂಗಳು, ಏಳು ದಿನ. ತಪ್ಪಿರಬಹುದೆಂದು ಇನ್ನೊಮ್ಮೆ ಎಣಿಸಿದಳು. ಅಷ್ಟೇ ಬಂತು. ಹಿಂದಿನ ವಾರ ಮೊಗಲಪ್ಪ ಬಂದಿದ್ದರೆ ಅಂಕಿ ಹದಿನಾಲ್ಕು ತಿಂಗಳಿಗೆ ನಿಲ್ಲುತ್ತಿತ್ತು. ಹುಕುಮಿನಲ್ಲಿ ಶಿಕ್ಷೆ ಎಂಬ ಒಂದೇ ಮನೆ ಇತ್ತು. ಕಾದದ್ದಕ್ಕೆ ಬೇರೆ ಮನೆ ಇರಲಿಲ್ಲ. ಆಕೆ ಪೂರ್ತಿ ಅಂಕಿಯನ್ನು ಅದರಲ್ಲೇ ಬರೆದಳು. ಜಡ್ಜರು ಸಹಿ ಹಾಕಿದರು.

ಅಮೀನನಿಲ್ಲದ್ದರಿಂದ ಹುಕುಮನ್ನು ಆಕೆಯೇ ಸಬ್‌ಜೈಲಿಗೆ ತೆಗೆದುಕೊಂಡು ಹೋದಳು. ಮಾಣಿಕಮ್ಮ ಅವಳ ಹಿಂದೆ ಬಂದಳು. ಮೊಗಲಪ್ಪನೂ ಬಂದು ರಸ್ತೆಯ ಆಚೆ ಕಟ್ಟೆಯ ಮೇಲೆ ಕೂತ. ಸ್ವಲ್ಪ ಹೊತ್ತಿನ ಮೇಲೆ ಯಂಕಪ್ಪ ಸಣ್ಣ ಬಾಗಿಲಿನಿಂದ ಬಗ್ಗಿ ಹೊರಗೆ ಬಂದ. ಹೆಂಡತಿಯ ಕಡೆ ನೋಡಿದ, ಅವಳ ಕಾಲಿನ ಕಡೆ ನೋಡಿದ.

"ನನ್ನ ಚಪ್ಪಲಿ ಸವಸೀದಿ ಅಲ್ಲ" ಎಂದ.

"ಹೊಸಾವು ತಗೋ. ಈಗರ ಹೊರಗ ಬಂದೀದಿ."

ಯಂಕಪ್ಪ ಭಾಗೀರಥೀಬಾಯಿಯ ಕಡೆ ತಿರುಗಿದ. "ಬಾಯಾರ, ತೆಲಗಿನ್ಯಾಗ ಏನೇನೋ ಹೇಳಿದ್ರು, ನನಗ ಪೂರಾ ತಿಳಿಲಿಲ್ಲ. ಸಾಹೇಬ್ರು ನನಗ ಎಷ್ಟು ಶಿಕ್ಷಾ ಹಾಕಿದ್ರು?"

"ಹದಿನಾಲ್ಕು ತಿಂಗಳು, ಏಳು ದಿನ."

ಅವನು ಯೋಚಿಸಿದ. "ತಿಂಗಳು ಇರ್ಲಿ. ಈ ಏಳು ದಿನ ಯಾತಕ್ಕರಿ?"

"ಅವು ನಂದು."

"ಹಂಗಂದ್ರ ಹದಿನಾಲ್ಕು ತಿಂಗಳು ಪೂರಾ ನಂದೇನ್ರಿ?"

ಆತ ಜಗಳ ತೆಗೆಯುತ್ತಿರಲಿಲ್ಲ. ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳುತ್ತಿದ್ದ. ಭಾಗೀರಥೀಬಾಯಿ ನಿಂತಲ್ಲೇ ಆ ತಿಂಗಳುಗಳನ್ನು ಪಾಲು ಮಾಡಲು ನೋಡಿದಳು. ವಕೀಲರ ಟೆಂಟಿಗೆ ಇಷ್ಟು, ಹೈದರಾಬಾದಿನ ಬಂದೋಬಸ್ತಿಗೆ ಇಷ್ಟು, ಜಾಮೀನು ಕೊಡದ ಕಾಗದಕ್ಕೆ ಇಷ್ಟು, ಒಂದು ಏಟಿಗೆ ಎಷ್ಟು? ಆ ಕೊನೆಯದು ತಿಳಿಯದೆ ಮೊದಲಿನ ಯಾವುದೂ ನಿಲ್ಲುತ್ತಿರಲಿಲ್ಲ. ಆ ಏಟಿನ ತೂಕ ನೋಡಬೇಕಾದವರು ಜಡ್ಜರು. ಅವರು ತೂಗಿರಲಿಲ್ಲ, ಕಳೆದುಹೋದದ್ದನ್ನೇ ತೂಕವೆಂದು ಬರೆಸಿದ್ದರು.

"ನನಗ ಗೊತ್ತಿಲ್ಲಪಾ" ಎಂದಳು.

ಯಂಕಪ್ಪ ತಲೆಯಾಡಿಸಿದ. ಓದಿದವರಿಗೂ ಗೊತ್ತಿಲ್ಲದ್ದು ಇರುತ್ತದೆ ಎಂದು ಒಪ್ಪಿಕೊಂಡಂತೆ. ಅಷ್ಟರಲ್ಲಿ ಮಾಣಿಕಮ್ಮ ಅವನ ತೋಳು ಹಿಡಿದು ಎಳೆದಳು, "ನಡಿ, ಕುರಿ ಹತ್ರ ಮೈದುನ ಒಬ್ಬನೇ ಅದಾನ." ರಸ್ತೆಯಾಚೆಯಿಂದ ಮೊಗಲಪ್ಪನೂ ಎದ್ದು, ಎರಡು ಮಾರು ಹಿಂದೆ, ಅವರ ಜೊತೆ ನಡೆದ.

ಭಾಗೀರಥೀಬಾಯಿ ಜೈಲಿನವರಿಂದ ಹುಕುಮಿನ ನಕಲಿಗೆ ರುಜು ಹಾಕಿಸಿಕೊಂಡಳು. ಸಂಜೆ ಜೀಪು ಹೊರಡುವ ಮುಂಚೆ ಜಡ್ಜರಿಗೆ ತನ್ನ ಲಿಖಿತ ವಿವರಣೆಯನ್ನು ಕೊಡಬೇಕಿತ್ತು. ಅದನ್ನು ಒಂದು ವಾಕ್ಯದಲ್ಲಿ ಬರೆಯಬಹುದೆಂದು ಆಕೆ ಅಂದುಕೊಂಡಿದ್ದಳು. ಕೋರ್ಟಿನ ಖಾಲಿ ಕೋಣೆಯಲ್ಲಿ ಕೂತು ಬರೆಯಲು ಹೋದಾಗ ಏಳು ದಿನದ್ದು ಒಂದು ವಾಕ್ಯಕ್ಕೆ ಮುಗಿಯಿತು, ಹದಿನಾಲ್ಕು ತಿಂಗಳಿನದಕ್ಕೆ ಎರಡನೆಯ ವಾಕ್ಯವೂ ಬಂತು, ಮೂರನೆಯದೂ ಬಂತು. ಜೀಪಿನ ಹಾರ್ನ್ ಕೇಳುವವರೆಗೂ ಆಕೆ ಬರೆಯುತ್ತಲೇ ಇದ್ದಳು.